ಒಂದೇ ಉತ್ತರ, ಒಬ್ಬನಿಗೆ ಏಳು, ಇನ್ನೊಬ್ಬನಿಗೆ ಐದು

ಬೆಂಗಳೂರಿನ ಒಂದು ಕಾಲೇಜಿನಲ್ಲಿ ಬಿಸಿಎ ಮಕ್ಕಳಿಗೆ ಡಿಬಿಎಂಎಸ್, ಅಂದರೆ ಕಂಪ್ಯೂಟರಿನಲ್ಲಿ ಮಾಹಿತಿಯನ್ನು ಟೇಬಲ್‌ಗಳಲ್ಲಿ ಜೋಡಿಸಿಡುವ ವಿಷಯದ ಪಾಠ ಮಾಡುತ್ತೇನೆ. ಪ್ರತಿ ವರ್ಷ ಕ್ಲಾಸಿನಲ್ಲಿ ಹೊರದೇಶದ ಮಕ್ಕಳು ಇರುತ್ತಾರೆ. ತಾಂಜಾನಿಯಾ, ಸುಡಾನ್, ನೇಪಾಳ, ಕೆಲವೊಮ್ಮೆ ಯೆಮೆನ್. ಕೇಂದ್ರ ಶಿಕ್ಷಣ ಸಚಿವಾಲಯದ 2020-21ರ ಸಮೀಕ್ಷೆಯಲ್ಲಿ ದೇಶದ ಒಟ್ಟು ವಿದೇಶಿ ವಿದ್ಯಾರ್ಥಿಗಳು ಸುಮಾರು 48 ಸಾವಿರ. ಅದರಲ್ಲಿ ಎಲ್ಲಕ್ಕಿಂತ ಜಾಸ್ತಿ, 8 ಸಾವಿರಕ್ಕೂ ಹೆಚ್ಚು ಮಂದಿ, ಇದ್ದದ್ದು ಕರ್ನಾಟಕದಲ್ಲೇ. ಹಾಗಾಗಿ ಇದು ನನ್ನೊಬ್ಬಳ ಕ್ಲಾಸಿನ ಕಥೆ ಅಲ್ಲ ಅಂದುಕೊಂಡು ಬರೆಯುತ್ತಿದ್ದೇನೆ.

ಕೆಲವು ವರ್ಷಗಳ ಹಿಂದೆ, ಎರಡನೇ ಇಂಟರ್ನಲ್ಸ್ ಪೇಪರ್ ತಿದ್ದಿ ಕೊಟ್ಟ ಮಾರನೇ ದಿನ ಇಬ್ಬರು ಹುಡುಗರು ಸ್ಟಾಫ್ ರೂಮಿಗೆ ಬಂದರು. ಒಬ್ಬ ಹಿರಿಯೂರು ಕಡೆಯವನು, ಹತ್ತನೇ ಕ್ಲಾಸಿನ ತನಕ ಕನ್ನಡ ಮೀಡಿಯಮ್. ಇನ್ನೊಬ್ಬ ತಾಂಜಾನಿಯಾದವನು. ಮಾತಾಡಿದ್ದು ಹಿರಿಯೂರಿನವನೇ. "ಮೇಡಂ, ನಂದೂ ಇವ್ನದ್ದೂ ಒಂದೇ ಥರ ಇದೆ. ನಂಗೆ ಏಳು ಕೊಟ್ಟಿದ್ದೀರಿ, ಇವ್ನಿಗೆ ಐದು."

ನನ್ನ ತಲೆಗೆ ಮೊದಲು ಬಂದದ್ದು, ಕಾಪಿ ಹೊಡೆದಿದ್ದಾರೆ ಅಂತ. ಇನ್ನೂ ನಿಜ ಹೇಳಬೇಕು ಅಂದರೆ, ಆ ತಾಂಜಾನಿಯಾ ಹುಡುಗ ಇವನದ್ದು ನೋಡಿ ಬರೆದಿದ್ದಾನೆ ಅಂತ. ಇವನು ಅವನದ್ದು ನೋಡಿರಬಹುದು ಅಂತ ಹೊಳೆಯಲೇ ಇಲ್ಲ. ಆಮೇಲೆ ನೋಡಿದರೆ ಟೆಸ್ಟ್ ದಿನ ಇಬ್ಬರೂ ಕೂತದ್ದು ಬೇರೆ ಬೇರೆ ರೂಮಿನಲ್ಲಿ. ಇಬ್ಬರೂ ನಾನು ಬೋರ್ಡಿನ ಮೇಲೆ ಕೊಟ್ಟ ಲೈಬ್ರರಿ ಉದಾಹರಣೆಯನ್ನೇ ಬಳಸಿದ್ದರು, ಅಷ್ಟೇ.

ಇಬ್ಬರ ಉತ್ತರ ಪುಸ್ತಕವನ್ನೂ, ಅಂದರೆ ಬ್ಲೂ ಬುಕ್ಕನ್ನು, ಪಕ್ಕ ಪಕ್ಕ ಇಟ್ಟೆ. ಥರ್ಡ್ ನಾರ್ಮಲ್ ಫಾರ್ಮ್ ಪ್ರಶ್ನೆ, ಅಂದರೆ ಒಂದು ದೊಡ್ಡ ಟೇಬಲನ್ನು ನಿಯಮದ ಪ್ರಕಾರ ಚಿಕ್ಕ ಟೇಬಲ್‌ಗಳಾಗಿ ಒಡೆಯುವುದು, ಹತ್ತು ಮಾರ್ಕ್ಸ್. ಇಬ್ಬರೂ ಟೇಬಲ್ ಸರಿಯಾಗಿ ಒಡೆದಿದ್ದರು. ಇಬ್ಬರ ಇಂಗ್ಲಿಷೂ ಕುಂಟುತ್ತಿತ್ತು, ವಾಕ್ಯ ಅರ್ಧಕ್ಕೆ ನಿಂತಿತ್ತು, ಕ್ರಿಯಾಪದ ಎಲ್ಲೋ ಹೋಗಿತ್ತು. ಹಿರಿಯೂರಿನ ಹುಡುಗನ ಪುಸ್ತಕದಲ್ಲಿ ಭಾಷೆ ಬಗ್ಗೆ ನಾನು ಏನೂ ಬರೆದಿರಲಿಲ್ಲ. ಇನ್ನೊಬ್ಬನ ಪುಸ್ತಕದಲ್ಲಿ, ಅಂಚಿನಲ್ಲಿ, ಕೆಂಪು ಪೆನ್ನಿನಲ್ಲಿ "ಲ್ಯಾಂಗ್ವೇಜ್?" ಅಂತ ಬರೆದು ಅಡಿಗೆರೆ ಬೇರೆ ಎಳೆದಿದ್ದೆ. ನನ್ನದೇ ಅಕ್ಷರ. ಅದನ್ನು ನೋಡುತ್ತಾ ಆ ಹುಡುಗರ ಮುಂದೆ ತಲೆ ಎತ್ತಲಾಗಲಿಲ್ಲ.

ಒಬ್ಬನದ್ದನ್ನು ಓದುವಾಗ "ಪಾಪ, ಕನ್ನಡ ಮೀಡಿಯಮ್, ವಿಷಯ ಗೊತ್ತಿದೆ" ಅಂತ ನಾನೇ ತುಂಬಿಸಿಕೊಂಡು ಓದಿದ್ದೆ. ಇನ್ನೊಬ್ಬನದ್ದನ್ನು ಓದುವಾಗ "ಇವನಿಗೆ ಅರ್ಥ ಆಗಿಲ್ಲ" ಅಂತ. ತಾಂಜಾನಿಯಾದ ಸರ್ಕಾರಿ ಶಾಲೆಗಳಲ್ಲಿ ಪ್ರೈಮರಿ ಪೂರ್ತಿ ಸ್ವಾಹಿಲಿಯಲ್ಲೇ ಓದುತ್ತಾರೆ, ಆಮೇಲೆ ಒಂದೇ ಸಲ ಇಂಗ್ಲಿಷ್. ನಮ್ಮ ಹಳ್ಳಿ ಮಕ್ಕಳು ಪಿಯುಸಿಗೆ ಬಂದು ಒದ್ದಾಡುತ್ತಾರಲ್ಲ, ಅದೇ ಕಷ್ಟ. ಆ ಕಷ್ಟ ನನಗೆ ಚೆನ್ನಾಗಿ ಗೊತ್ತು, ನಾನೂ ಹಾಗೇ ಬಂದವಳು. ಆದರೂ ಒಬ್ಬನಲ್ಲಿ ಮಾತ್ರ ಅದು ಕಂಡಿತ್ತು.

ಮಾರ್ಕ್ಸ್ ಸರಿ ಮಾಡಿದೆ. ಅವನಿಗೆ ಸಾರಿ ಹೇಳಿದೆ. ಆ ಸಂಜೆ ಕೂತು ಕ್ಲಾಸಿನ ನಾಲ್ಕು ಹೊರದೇಶದ ಮಕ್ಕಳ ಬ್ಲೂ ಬುಕ್ಕೂ ಮೊದಲಿನಿಂದ ನೋಡಿದೆ. ಮೂರರಲ್ಲಿ ಭಾಷೆ ಬಗ್ಗೆ ಕೆಂಪು ಬರಹ ಇತ್ತು.

ಅದಾದ ಮೇಲೆ ಇದರ ಬಗ್ಗೆ ಹುಡುಕಿ ಓದಿದೆ. 1992ರಲ್ಲಿ ಅಮೆರಿಕದ ಜಾರ್ಜಿಯಾ ವಿಶ್ವವಿದ್ಯಾಲಯದ ಡೊನಾಲ್ಡ್ ರೂಬಿನ್ ಅವರು ಪ್ರಕಟಿಸಿದ ಒಂದು ಪ್ರಯೋಗ ಇದೆ. ಅಮೆರಿಕದವರೇ ಒಬ್ಬರು ಮಾಡಿದ ಪಾಠದ ರೆಕಾರ್ಡಿಂಗನ್ನು ವಿದ್ಯಾರ್ಥಿಗಳಿಗೆಲ್ಲ ಕೇಳಿಸಿ, ಕೆಲವರಿಗೆ ಬಿಳಿ ಮಹಿಳೆಯ ಫೋಟೋ, ಕೆಲವರಿಗೆ ಏಷ್ಯಾದ ಮಹಿಳೆಯ ಫೋಟೋ ತೋರಿಸಿದರು. ದನಿ ಒಂದೇ. ಆದರೂ ಏಷ್ಯಾದ ಮುಖ ನೋಡಿದವರಿಗೆ ಪಾಠ ಕಮ್ಮಿ ಅರ್ಥವಾಗಿತ್ತು. ಇದನ್ನು ಓದಿದಾಗ ನನಗೆ ಒಂದು ವಿಷಯ ಖಚಿತವಾಯಿತು. ಇನ್ನು ಮುಂದೆ ಹುಷಾರಾಗಿರುತ್ತೇನೆ ಅಂತ ಮನಸ್ಸಿನಲ್ಲಿ ಅಂದುಕೊಂಡರೆ ಏನೂ ಪ್ರಯೋಜನ ಇಲ್ಲ, ಕೆಲಸ ಮಾಡುವ ರೀತಿಯೇ ಬದಲಾಗಬೇಕು.

ಮೊದಲು ಮಾಡಿದ್ದು ಬಹಳ ಸುಲಭದ ಕೆಲಸ. ಬ್ಲೂ ಬುಕ್ಕಿನ ಮೇಲಿನ ಹಾಳೆಯಲ್ಲಿ ಹೆಸರು, ರಿಜಿಸ್ಟರ್ ನಂಬರ್ ಇರುತ್ತದೆ. ಅಟೆಂಡರ್ ಅಣ್ಣನ ಹತ್ತಿರ ಎಲ್ಲ ಪುಸ್ತಕದ ಮೇಲಿನ ಹಾಳೆಯನ್ನೂ ಹಿಂದಕ್ಕೆ ಮಡಚಿಸಿ, ರಬ್ಬರ್ ಬ್ಯಾಂಡ್ ಹಾಕಿಸಿ ಇಟ್ಟುಕೊಳ್ಳುತ್ತೇನೆ. ಒಂದು ಪುಸ್ತಕ ಪೂರ್ತಿ ಮುಗಿಸಿ ಇನ್ನೊಂದು ತೆಗೆದುಕೊಳ್ಳುವುದನ್ನೂ ಬಿಟ್ಟೆ. ಮೊದಲು ಎಲ್ಲರ ಒಂದನೇ ಪ್ರಶ್ನೆ, ಆಮೇಲೆ ಎಲ್ಲರ ಎರಡನೇ ಪ್ರಶ್ನೆ. ಶುರು ಮಾಡುವ ಮುಂಚೆ ಯಾವುದಕ್ಕೆ ಎಷ್ಟು ಅಂತ ಒಂದು ಚೀಟಿಯಲ್ಲಿ ಬರೆದುಕೊಳ್ಳುತ್ತೇನೆ: ಟೇಬಲ್ ಒಡೆದದ್ದಕ್ಕೆ ನಾಲ್ಕು, ಡಿಪೆಂಡೆನ್ಸಿ (ಯಾವ ಮಾಹಿತಿ ಯಾವುದನ್ನು ಅವಲಂಬಿಸಿದೆ ಅನ್ನುವುದು) ಗುರುತಿಸಿದ್ದಕ್ಕೆ ಮೂರು, ವಿವರಣೆಗೆ ಮೂರು. ಭಾಷೆಗೆ ಮಾರ್ಕ್ಸ್ ಇಲ್ಲ ಅಂದಮೇಲೆ ಕಳೆಯುವುದಕ್ಕೂ ಇಲ್ಲ. ಹಾಗಂತ ಪೂರ್ತಿ ಮುಚ್ಚಲು ಆಗುವುದಿಲ್ಲ. ಕೆಲವರು 7ಕ್ಕೆ ನಡುವೆ ಅಡ್ಡಗೆರೆ ಹಾಕುತ್ತಾರೆ, ನೋಡಿದ ತಕ್ಷಣ ಯಾರದ್ದು ಅಂತ ಗೊತ್ತಾಗಿಬಿಡುತ್ತದೆ. ಅಂಥ ಪುಸ್ತಕವನ್ನು ಕೆಳಗಿಟ್ಟು ಕೊನೆಗೆ ಇನ್ನೊಮ್ಮೆ ಓದುತ್ತೇನೆ.

ಕ್ಲಾಸಿನಲ್ಲಿ ಕಷ್ಟದ ಭಾಗ ಬಂದಾಗ ನಾನು ಕನ್ನಡಕ್ಕೆ ತಿರುಗುತ್ತೇನೆ. ಆ ಹೊತ್ತಿನಲ್ಲಿ ಹಿಂದಿನ ಬೆಂಚಿನ ಹೊರದೇಶದ ಮಕ್ಕಳು ಕಿಟಕಿ ಕಡೆ ನೋಡುತ್ತಾ ಕೂತಿರುತ್ತಿದ್ದರು. ಇವರಿಗೆ ಆಸಕ್ತಿ ಇಲ್ಲ ಅಂತ ನಾನು ತೀರ್ಮಾನ ಮಾಡಿದ್ದೆ. ಪಾಠದ ಮುಖ್ಯವಾದ ಐದು ನಿಮಿಷ ಅವರಿಗೆ ಗೊತ್ತಿಲ್ಲದ ಭಾಷೆಯಲ್ಲಿ ನಡೆಯುತ್ತಿತ್ತು, ಅವರು ಇನ್ನೇನು ಮಾಡಬೇಕಿತ್ತು? ಕನ್ನಡ ಬಿಟ್ಟಿಲ್ಲ, ಬಿಡುವುದೂ ಇಲ್ಲ, ಅದು ಬೇಕಾದ ಮಕ್ಕಳು ತುಂಬಾ ಇದ್ದಾರೆ. ಈಗ ಕನ್ನಡದಲ್ಲಿ ಹೇಳಿದ್ದನ್ನು ಅದೇ ಕ್ಷಣ ಬೋರ್ಡಿನ ಮೇಲೆ ಎರಡು ಸಾಲು ಇಂಗ್ಲಿಷಿನಲ್ಲಿ ಬರೆಯುತ್ತೇನೆ.

ಹೆಸರಿನ ವಿಷಯ ಈಗಲೂ ಚುಚ್ಚುತ್ತದೆ. ನಮ್ಮಲ್ಲಿ ಅನೇಕರ ಹಾಗೇ ಸುಡಾನಿನವರಿಗೂ ಸಾಮಾನ್ಯವಾಗಿ ಸರ್‌ನೇಮ್ ಇರುವುದಿಲ್ಲ. ಸ್ವಂತ ಹೆಸರು, ಆಮೇಲೆ ಅಪ್ಪನದ್ದು, ಆಮೇಲೆ ತಾತನದ್ದು. ಹಾಜರಿ ಪಟ್ಟಿಯಲ್ಲಿದ್ದ ಕೊನೆಯ ಹೆಸರನ್ನೇ ಹಿಡಿದು ಒಂದು ಇಡೀ ಸೆಮಿಸ್ಟರ್ ಒಬ್ಬ ಹುಡುಗನನ್ನು ಅವನ ತಾತನ ಹೆಸರಿನಿಂದ ಕರೆದಿದ್ದೆ. ಅವನು "ಎಸ್ ಮ್ಯಾಮ್" ಅನ್ನುತ್ತಲೇ ಇದ್ದ. ನನ್ನ ತಮ್ಮ ಅಮೆರಿಕಕ್ಕೆ ಹೋದಾಗ ಅಲ್ಲಿ ಎಲ್ಲರೂ ಅವನನ್ನು ನಮ್ಮ ಅಪ್ಪನ ಹೆಸರಿನಿಂದ ಕರೆದರು ಅಂತ ಮನೆಯಲ್ಲಿ ಎಷ್ಟು ಬೇಜಾರು ಮಾಡಿಕೊಂಡಿದ್ದೆವು. ಈಗ ಮೊದಲ ದಿನವೇ ಎಲ್ಲರನ್ನೂ ಕೇಳುತ್ತೇನೆ, ನಿಮ್ಮನ್ನು ಮನೆಯಲ್ಲಿ ಏನಂತ ಕರೆಯುತ್ತಾರೆ ಅಂತ. ಹೇಳಿದ್ದನ್ನು ಕನ್ನಡ ಅಕ್ಷರದಲ್ಲಿ ಬರೆದುಕೊಳ್ಳುತ್ತೇನೆ, ಉಚ್ಚಾರಣೆ ಹತ್ತಿರ ಬರುತ್ತದೆ.

ಹಾಜರಿ ಕಮ್ಮಿ ಇದ್ದರೆ ಈಗ ಮೊದಲು ಕಾರಣ ಕೇಳುತ್ತೇನೆ. 180 ದಿನಕ್ಕಿಂತ ಹೆಚ್ಚಿನ ವೀಸಾ ಇದ್ದವರು ಬಂದ 14 ದಿನದೊಳಗೆ ಎಫ್‌ಆರ್‌ಆರ್‌ಒ, ಅಂದರೆ ವಿದೇಶಿಯರ ನೋಂದಣಿ ಕಚೇರಿಯಲ್ಲಿ ನೋಂದಣಿ ಮಾಡಿಸಬೇಕು. ಅದಕ್ಕೆ ಮನೆಯ ದಾಖಲೆ ಬೇಕು, ಆಫ್ರಿಕಾದ ಮಕ್ಕಳು ಅಂದರೆ ಮನೆ ಸಿಗುವುದೇ ಕಷ್ಟ. 2016ರ ಜನವರಿ ಕೊನೆಯಲ್ಲಿ ಹೆಸರಘಟ್ಟ ಕಡೆ ಸುಡಾನಿನ ಒಬ್ಬನ ಕಾರು ಗುದ್ದಿ ಒಬ್ಬ ಮಹಿಳೆ ತೀರಿಕೊಂಡರು. ಆಮೇಲೆ ಆ ದಾರಿಯಲ್ಲಿ ಬಂದ, ಅದಕ್ಕೆ ಸಂಬಂಧವೇ ಇಲ್ಲದ ತಾಂಜಾನಿಯಾದ ವಿದ್ಯಾರ್ಥಿನಿಯ ಮೇಲೆ ಗುಂಪು ಹಲ್ಲೆ ಮಾಡಿತು. ಆ ವಾರ ನನ್ನ ಕ್ಲಾಸಿನ ಹಿಂದಿನ ಬೆಂಚು ಖಾಲಿ ಇತ್ತು. ನಾನು ರಿಜಿಸ್ಟರಿನಲ್ಲಿ ಆಬ್ಸೆಂಟ್ ಹಾಕಿ ಪಾಠ ಶುರು ಮಾಡಿದ್ದೆ. ಒಂದು ಫೋನ್ ಮಾಡಬಹುದಿತ್ತು.

ವೈವಾ, ಅಂದರೆ ಬಾಯಿಮಾತಿನ ಪರೀಕ್ಷೆ ಮಾತ್ರ ಇನ್ನೂ ಸರಿಯಾಗಿ ಬಗೆಹರಿದಿಲ್ಲ. ಮುಖ ಎದುರಿಗೇ ಇರುತ್ತದೆ, ಮಡಚಿ ಇಡಲು ಆಗುವುದಿಲ್ಲ. ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆದು ಡಬ್ಬಿಯಲ್ಲಿ ಹಾಕಿದ್ದೇನೆ, ಅವರೇ ಎತ್ತುತ್ತಾರೆ. ಉತ್ತರ ಬರದಿದ್ದರೆ ಎಲ್ಲರಿಗೂ ಒಂದೇ ಒಂದು ಸುಳಿವು. ಮುಂಚೆ ಕೆಲವರಿಗೆ ಮೂರು ನಾಲ್ಕು ಸುಳಿವು ಕೊಡುತ್ತಿದ್ದೆ, ಕೆಲವರಿಗೆ "ಓಕೆ, ನೆಕ್ಸ್ಟ್" ಅನ್ನುತ್ತಿದ್ದೆ. ಯಾರಿಗೆ ಯಾವುದು ಅಂತ ಮತ್ತೆ ಹೇಳಬೇಕಿಲ್ಲ ಅಲ್ವಾ. ಮಾರ್ಕ್ಸನ್ನು ಆ ಹುಡುಗ ಕುರ್ಚಿಯಿಂದ ಏಳುವ ಮೊದಲೇ ಬರೆದುಬಿಡುತ್ತೇನೆ.

ಈ ಸೆಮಿಸ್ಟರ್ ಪಕ್ಕದ ಸೆಕ್ಷನ್ ಮೇಡಂ ಒಪ್ಪಿದ್ದಾರೆ. ನನ್ನ ಮಕ್ಕಳ ಬ್ಲೂ ಬುಕ್ ಅವರು ತಿದ್ದುತ್ತಾರೆ, ಅವರ ಮಕ್ಕಳದ್ದು ನಾನು. ಮೊದಲ ಇಂಟರ್ನಲ್ಸ್ ಮುಂದಿನ ವಾರ.