ಗೋಡೆಯ ಕ್ಯಾಲೆಂಡರ್ ನೋಡಿದಿರಾ? ಕ್ವಿಯರ್ ವ್ಯಕ್ತಿಗಳ ಭಾವಚಿತ್ರ ತೆಗೆಯುವ ಬಗೆ

ಬೆಂಗಳೂರಿನ ಬಾಡಿಗೆ ಕೋಣೆಯೊಂದರಲ್ಲಿ, ಸಣ್ಣ ಪ್ರದರ್ಶನವೊಂದಕ್ಕಾಗಿ ಒಬ್ಬ ಯುವಕರ ಭಾವಚಿತ್ರ ತೆಗೆದಿದ್ದೆ. ತಾವು ಗೇ ಎಂದು ಕಚೇರಿಯಲ್ಲಿ, ಗೆಳೆಯರ ನಡುವೆ ಮುಚ್ಚುಮರೆಯಿಲ್ಲದೆ ಹೇಳಿಕೊಂಡವರು ಅವರು. ಮುದ್ರಣಕ್ಕೆ ಕೊಡುವ ಮುನ್ನ ಚಿತ್ರ ತೋರಿಸಿದೆ. ಅವರು ತಮ್ಮ ಮುಖವನ್ನು ನೋಡಲೇ ಇಲ್ಲ. ಹಿಂದಿನ ಗೋಡೆಯ ಕ್ಯಾಲೆಂಡರಿನ ಮೇಲೆ ಬೆರಳಿಟ್ಟರು. ಊರಿನ ಕಿರಾಣಿ ಅಂಗಡಿಯವರು ಹಂಚಿದ್ದು. ಊರ ಹೆಸರು ದಪ್ಪ ಅಕ್ಷರದಲ್ಲಿತ್ತು. "ಅಪ್ಪನಿಗೆ ಇನ್ನೂ ಗೊತ್ತಿಲ್ಲ" ಎಂದರು. ಆ ಚಿತ್ರವನ್ನು ಅಳಿಸಿ, ಕ್ಯಾಲೆಂಡರ್ ಕೆಳಗಿಳಿಸಿ, ಮತ್ತೊಮ್ಮೆ ತೆಗೆದೆವು.

ಒಂದು ಕಡೆ ಬಹಿರಂಗವಾಗಿರುವವರು ಎಲ್ಲ ಕಡೆಯೂ ಹಾಗೇ ಇರುತ್ತಾರೆ ಎಂದುಕೊಂಡಿದ್ದೇ ನನ್ನ ತಪ್ಪು. ಹಾಗಾಗಿ ಕ್ವಿಯರ್ ವ್ಯಕ್ತಿಗಳ (ಗೇ, ಲೆಸ್ಬಿಯನ್, ಟ್ರಾನ್ಸ್‌ಜೆಂಡರ್ ಮುಂತಾದವರ) ಚಿತ್ರ ತೆಗೆಯುವಾಗ ಲೆನ್ಸ್ ಆರಿಸುವುದಕ್ಕಿಂತ ಮುಂಚೆ ಮಾಡಬೇಕಾದ ಕೆಲಸವೇ ಹೆಚ್ಚು.

ಮೊದಲು ಮಾತು

ಮೊದಲ ಭೇಟಿಗೆ ಕ್ಯಾಮೆರಾ ಒಯ್ಯಬೇಡಿ. ಚಹಾ ಕುಡಿಯುತ್ತಾ ಮೂರು ವಿಷಯ ಕೇಳಿಕೊಳ್ಳಿ: ನಿಮ್ಮನ್ನು ಯಾವ ಹೆಸರಿನಿಂದ ಕರೆಯಲಿ, ನಿಮ್ಮ ಬಗ್ಗೆ ಬರೆಯುವಾಗ ಯಾವ ಸರ್ವನಾಮ ಬಳಸಲಿ, ಈ ಚಿತ್ರವನ್ನು ಯಾರು ಯಾರು ನೋಡಬಹುದು? 'ಅವನು', 'ಅವಳು' ಎರಡೂ ಒಗ್ಗದವರಿಗೆ 'ಅವರು' ಎನ್ನುವ ಸೌಕರ್ಯ ಕನ್ನಡದಲ್ಲಿ ಮೊದಲಿನಿಂದಲೂ ಇದೆ. ಅದನ್ನು ಧಾರಾಳವಾಗಿ ಬಳಸಿ. ಹುಟ್ಟಿದಾಗ ಇಟ್ಟ ಹೆಸರನ್ನು ಮಾತ್ರ ಕೆದಕಬೇಡಿ.

ಒಪ್ಪಿಗೆಯನ್ನು ಒಂದೇ ಸಾಲಿನಲ್ಲಿ ಬರೆಸಿಕೊಳ್ಳಬೇಡಿ. ಪ್ರದರ್ಶನಕ್ಕೆ, ಮುದ್ರಿತ ಪತ್ರಿಕೆಗೆ, ಜಾಲತಾಣಕ್ಕೆ ಪ್ರತ್ಯೇಕವಾಗಿ ಕೇಳಿ. ಪ್ರದರ್ಶನದ ಗೋಡೆಯಿಂದ ಚಿತ್ರವನ್ನು ಇಳಿಸಬಹುದು. ವಾಟ್ಸ್‌ಆ್ಯಪ್ ಗುಂಪಿಗೆ ಹೋದದ್ದನ್ನು ಯಾರೂ ಹಿಂದಕ್ಕೆ ತರಲಾರರು. ಇದನ್ನು ಅವರಿಗೆ ಬಿಡಿಸಿ ಹೇಳುವುದು ನಿಮ್ಮ ಕೆಲಸ. ಒಪ್ಪಿಗೆ ಪತ್ರ ಅವರು ಓದುವ ಭಾಷೆಯಲ್ಲಿರಲಿ. ಮನಸ್ಸು ಬದಲಾದರೆ ಪ್ರಕಟಣೆಗೆ ಮುನ್ನ ಹಿಂತೆಗೆದುಕೊಳ್ಳಬಹುದು ಎಂಬ ಮಾತೂ ಅದರಲ್ಲಿರಲಿ.

ಮುಖ ಕಾಣಬೇಕೇ?

ಛಾಯಾಗ್ರಾಹಕ ಸುನಿಲ್ ಗುಪ್ತಾ 1986–87ರಲ್ಲಿ ದೆಹಲಿಯ ಸ್ಮಾರಕ, ಉದ್ಯಾನಗಳಲ್ಲಿ ಗೇ ಪುರುಷರ ಚಿತ್ರ ತೆಗೆದರು. ಹಲವು ಚಿತ್ರಗಳಲ್ಲಿ ಮುಖ ಕಾಣಿಸದು. ಆಗ ಸಲಿಂಗ ಸಂಬಂಧವನ್ನು ಅಪರಾಧವಾಗಿಸಿದ್ದ ಭಾರತೀಯ ದಂಡ ಸಂಹಿತೆಯ 377ನೇ ಕಲಮಿನ ಭಯ ತಲೆಯ ಮೇಲಿತ್ತು. ವಯಸ್ಕರು ಪರಸ್ಪರ ಒಪ್ಪಿ ನಡೆಸುವ ಸಲಿಂಗ ಸಂಬಂಧ ಅಪರಾಧವಲ್ಲ ಎಂದು ಸುಪ್ರೀಂ ಕೋರ್ಟ್ ಹೇಳಿದ್ದು 2018ರ ಸೆಪ್ಟೆಂಬರ್ 6ರಂದು. ದಕ್ಷಿಣ ಆಫ್ರಿಕಾದ ಜನೆಲೆ ಮುಹೋಲಿ 2006ರಿಂದ ತೆಗೆಯುತ್ತಾ ಬಂದ ಕಪ್ಪು-ಬಿಳುಪು ಭಾವಚಿತ್ರಗಳಲ್ಲಿ ಎಲ್ಲವೂ ತಿರುವುಮುರುವು: ಅಲ್ಲಿನ ಕಪ್ಪು ಲೆಸ್ಬಿಯನ್ನರು, ಟ್ರಾನ್ಸ್ ವ್ಯಕ್ತಿಗಳು ಕ್ಯಾಮೆರಾವನ್ನೇ ದಿಟ್ಟಿಸುತ್ತಾರೆ. ಎದುರು ಕುಳಿತವರನ್ನು ಮುಹೋಲಿ ಕರೆಯುವುದು 'ಭಾಗಿಗಳು' ಎಂದು.

ಎರಡೂ ಬಗೆ ಸರಿಯೇ. ಮುಖ ತೋರಿಸಿದರೆ ಮಾತ್ರ ಧೈರ್ಯ ಎಂದು ಯಾರನ್ನೂ ಒತ್ತಾಯಿಸಬೇಡಿ. ಬೆನ್ನು, ಹೆಗಲ ಮೇಲಿನ ಕೈ, ಕಿಟಕಿಯ ಕಡೆ ತಿರುಗಿದ ಕತ್ತು ಕೂಡ ಭಾವಚಿತ್ರವೇ.

ಬೆಳಕು

ದೊಡ್ಡ ಕಿಟಕಿಯಿಂದ ನಾಲ್ಕೈದು ಅಡಿ ದೂರದಲ್ಲಿ ಕೂರಿಸಿ. ಬಿಸಿಲು ನೇರವಾಗಿ ಬೀಳುತ್ತಿದ್ದರೆ ಬಿಳಿ ಪಂಚೆಯೊಂದನ್ನು ಕಿಟಕಿಗೆ ಕಟ್ಟಿ. 50 ಅಥವಾ 85 ಮಿಲಿಮೀಟರ್ ಲೆನ್ಸ್, ಅಪರ್ಚರ್ (ಲೆನ್ಸಿನ ಬೆಳಕಿನ ಕಿಂಡಿ) ಎಫ್ 2.8ರಿಂದ 4, ಶಟರ್ ಸೆಕೆಂಡಿನ 1/125: ಇಷ್ಟು ಸಾಕು. ಮೊಬೈಲ್ ಆದರೆ ಹತ್ತಿರ ನುಗ್ಗದೆ ಎರಡು ಪಟ್ಟು ಜೂಮ್ ಬಳಸಿ, ಮುಖ ಬೆಳ್ಳಗಾಗಿಸುವ ಸೌಂದರ್ಯ ಫಿಲ್ಟರನ್ನು ಆಫ್ ಮಾಡಿ.

ಬೆಳಕಿನ ದಿಕ್ಕಿನಲ್ಲಿ ಒಂದು ಸೂಕ್ಷ್ಮವಿದೆ. ಪಕ್ಕದಿಂದ ಬೀಳುವ ಗಟ್ಟಿ ಬೆಳಕು ಗಡ್ಡದ ಕುರುಚಲು, ದವಡೆಯ ಏರು, ಗಂಟಲಿನ ಉಬ್ಬನ್ನು ಎತ್ತಿ ತೋರಿಸುತ್ತದೆ. ಎದುರಿನಿಂದ ಬರುವ ಮೆತ್ತನೆಯ ಬೆಳಕು ಅವನ್ನು ಹಗುರ ಮಾಡುತ್ತದೆ. ಟ್ರಾನ್ಸ್ ಮಹಿಳೆಯೊಬ್ಬರಿಗೆ ಎರಡನೆಯದು ಇಷ್ಟವಾಗಬಹುದು. ಟ್ರಾನ್ಸ್ ಪುರುಷರೊಬ್ಬರಿಗೆ ಹೊಸದಾಗಿ ಬಂದ ಗಡ್ಡ ಎದ್ದು ಕಾಣುವುದೇ ಬೇಕಿರಬಹುದು. ಊಹಿಸಬೇಡಿ, ಎರಡನ್ನೂ ತೆಗೆದು ಪರದೆಯ ಮೇಲೆ ತೋರಿಸಿ ಕೇಳಿ. ತಿದ್ದುವಾಗಲೂ ಅಷ್ಟೇ: ಅವರು ಹೇಳದೆ ಒಂದು ಕೂದಲನ್ನೂ ಅಳಿಸಬೇಡಿ. ಕ್ಯಾಮೆರಾ ಅವರ ಕಣ್ಣಿನ ಮಟ್ಟದಲ್ಲಿರಲಿ.

ಭಂಗಿ

"ಕೈ ಹೀಗಿಡಿ, ಸೊಂಟ ಹಾಗೆ ತಿರುಗಿಸಿ" ಎನ್ನುವವರೇ ಹೆಚ್ಚು. ಸಿನಿಮಾದಲ್ಲಿ ಕಂಡ ಭಂಗಿಯನ್ನು ಎದುರಿನವರ ಮೈಮೇಲೆ ಹೇರುವುದು ಅವಮಾನವೇ ಸರಿ. ಜೋಗತಿ ನೃತ್ಯದ ಟ್ರಾನ್ಸ್ ಕಲಾವಿದೆ ಮಂಜಮ್ಮ ಜೋಗತಿಯವರು 2021ರ ನವೆಂಬರಿನಲ್ಲಿ ಪದ್ಮಶ್ರೀ ಸ್ವೀಕರಿಸುವ ಮುನ್ನ ಸೆರಗಿನಿಂದ ರಾಷ್ಟ್ರಪತಿಯವರ ದೃಷ್ಟಿ ತೆಗೆದದ್ದನ್ನು ನೆನಪಿಸಿಕೊಳ್ಳಿ. ಯಾರೂ ಹೇಳಿಕೊಟ್ಟದ್ದಲ್ಲ ಅದು, ಅವರ ಕೈಗೆ ರೂಢಿಯಾದದ್ದು. ನೀವು ಕಾಯಬೇಕಾದದ್ದು ಅಂಥ ಕ್ಷಣಕ್ಕೆ. ಕುಂಕುಮ ಇಟ್ಟುಕೊಳ್ಳುವುದು, ಶರ್ಟಿನ ತೋಳು ಮಡಚುವುದು, ಬೆಕ್ಕನ್ನು ಎತ್ತಿಕೊಳ್ಳುವುದು, ಏನನ್ನಾದರೂ ಮಾಡುತ್ತಿರಲಿ. ಜೋಡಿಯಾಗಿದ್ದರೆ ಎಷ್ಟು ಹತ್ತಿರ ಕೂರಬೇಕೆಂದು ಅವರೇ ತೀರ್ಮಾನಿಸಲಿ.

ಕ್ವಿಯರ್ ಸಮುದಾಯದ ಪ್ರೈಡ್ ಮೆರವಣಿಗೆಯಲ್ಲಿ ಭಾವಚಿತ್ರ ತೆಗೆಯುವಾಗ ಹಿಂದಿರುವ ಅಪರಿಚಿತರ ಮುಖಗಳನ್ನೂ ಗಮನಿಸಿ. ಅವರನ್ನು ನೀವು ಕೇಳಿಲ್ಲ.

ಕಳುಹಿಸುವ ಮುನ್ನ

ಚಿತ್ರವನ್ನು ದೊಡ್ಡದು ಮಾಡಿ ಮೂಲೆಮೂಲೆ ಹುಡುಕಿ: ವಾಹನದ ನಂಬರ್ ಪ್ಲೇಟ್, ಮನೆಯ ನಾಮಫಲಕ, ಕೊರಳಿನ ಕಚೇರಿ ಗುರುತಿನ ಚೀಟಿ, ಕನ್ನಡಿಯಲ್ಲಿ ಕಾಣುವ ಪಕ್ಕದ ಕೋಣೆಯವರು. ಮೊಬೈಲಿನಲ್ಲಿ ತೆಗೆದ ಕಡತದೊಳಗೆ ಸ್ಥಳದ ಅಕ್ಷಾಂಶ-ರೇಖಾಂಶ ದಾಖಲಾಗಿರಬಹುದು; ಅದನ್ನು ಅಳಿಸಿ. ಚಿತ್ರದಡಿಯ ಬರಹವನ್ನು ಅವರಿಗೆ ಓದಿ ಹೇಳಿ. ಬಡಗಿಯಾಗಿದ್ದರೆ ಬಡಗಿ ಎಂದೇ ಬರೆಯಿರಿ. ಲೈಂಗಿಕತೆಯೊಂದನ್ನೇ ಅವರ ಪರಿಚಯವಾಗಿಸಬೇಡಿ.

ಕೊನೆಗೆ ಒಂದು ಒಳ್ಳೆಯ ಮುದ್ರಿತ ಪ್ರತಿಯನ್ನು ಅವರಿಗೆ ತಪ್ಪದೆ ಕೊಡಿ. ಅಂಚೆಯಲ್ಲಿ ಕಳುಹಿಸುವುದಾದರೆ ಲಕೋಟೆಯ ಮೇಲೆ ಯಾವ ಹೆಸರು ಬರೆಯಬೇಕು, ಮನೆಯಲ್ಲಿ ಅದನ್ನು ಯಾರು ತೆರೆಯುತ್ತಾರೆ ಎಂಬುದನ್ನೂ ಕೇಳಿಕೊಳ್ಳಿ.