ಒಂದು ಪರಾಗಕೋಶ ಬಣ್ಣಕ್ಕೆ, ಉಳಿದವು ನೈಟ್ರೋಜನ್ನಿಗೆ

"ಒಂದೇ ಮೊಗ್ಗಿನ ಆರ್‌ಎನ್‌ಎ ಯಾವ ಮೂಲೆಗೆ ಸಾಲುತ್ತೆ?" ಅಂತ, ನಾನು ಟೊಮ್ಯಾಟೊ ಮೊಗ್ಗುಗಳನ್ನು ಗುಂಪಾಗಿ ಅಲ್ಲದೆ ಒಂದೊಂದಾಗಿ ಪರೀಕ್ಷಿಸಲು ಹೊರಟಾಗ ನಕ್ಕವರೇ ಈಗ ಪ್ರೋಟೊಕಾಲ್ ಕಳಿಸು ಅನ್ನುತ್ತಿದ್ದಾರೆ. ಒಬ್ಬೊಬ್ಬರಿಗೂ ಹೇಳಿ ಸಾಕಾಗಿ ಬರೆಯಲು ಕೂತೆ.

ನನಗೆ ಬೇಕಿದ್ದದ್ದು ಇಷ್ಟೆ: ಟೊಮ್ಯಾಟೊ ಪರಾಗಕೋಶದೊಳಗೆ ಪರಾಗವನ್ನು ಪೋಷಿಸುವ ಪದರವಾದ ಟಪೀಟಮ್‌ನಲ್ಲಿ ಎಂಎಸ್10, ಟಿಡಿಎಫ್1, ಎಎಂಎಸ್, ಎಂಎಸ್1 ಎಂಬ ನಾಲ್ಕು ಜೀನುಗಳು ಯಾವ ಸರದಿಯಲ್ಲಿ ಚುರುಕಾಗಿ ಏಳುತ್ತವೆ, ಯಾವಾಗ ಇಳಿಯುತ್ತವೆ. ಪ್ರಯೋಗಾಲಯಗಳ ಮಾದರಿ ಗಿಡ ಅರಬಿಡಾಪ್ಸಿಸ್‌ನಲ್ಲಿ ಈ ಸರಪಳಿ ಡಿವೈಟಿ1 ಜೀನಿನಿಂದ ಶುರು, ಎಂಎಸ್10 ಅದರ ಟೊಮ್ಯಾಟೊ ನೆಂಟ. ಎಲ್ಲರಂತೆ ನಾನೂ ಸ್ಕೇಲಿಟ್ಟು ಮೊಗ್ಗು ಅಳೆದು, ಒಂದೇ ಉದ್ದದ ಮೂವತ್ತು ನಲವತ್ತನ್ನು ಒಂದು ಟ್ಯೂಬಿಗೆ ತುಂಬುತ್ತಿದ್ದೆ. ಗುಂಪಿನಲ್ಲಿ ಗೋವಿಂದ. ಜೀನಿನ ಚಟುವಟಿಕೆ ಅಳೆಯುವ ಕ್ಯೂಪಿಸಿಆರ್‌ನಲ್ಲಿ ನಾಲ್ಕೂ ಜೀನು ಒಟ್ಟಿಗೇ ಎದ್ದು ಒಟ್ಟಿಗೇ ಮಲಗಿದಂತೆ ಒಂದು ಚಪ್ಪಟೆ ಗುಡ್ಡ. ಆಯಾ ಜೀನನ್ನು ಹಿಡಿಯುವ ಡಿಎನ್‌ಎ ತುಣುಕಾದ ಪ್ರೈಮರ್ ಬದಲಿಸಿದೆ, ಮತ್ತೆ ಬದಲಿಸಿದೆ. ಕೊನೆಗೆ ಹಟಕ್ಕೆ ಬಿದ್ದು ಅದೇ ಆರ್‌ಎನ್‌ಎಯನ್ನು ಸೀಕ್ವೆನ್ಸಿಂಗಿಗೆ ಕಳಿಸಿ, ಆ ವರ್ಷದ ಅನುದಾನದ ಹೆಚ್ಚುಕಡಿಮೆ ಮೂರರಲ್ಲಿ ಒಂದು ಪಾಲು ಕಳೆದೆ. ಬಂದದ್ದು ಅದೇ ಗುಡ್ಡ.

ಉಳಿದ ಮೊಗ್ಗುಗಳನ್ನು ಒಂದು ದಿನ ಸುಮ್ಮನೆ ಕ್ರೋಮೋಸೋಮಿಗೆ ಕೆಂಪು ಬಣ್ಣ ಕೊಡುವ ಅಸಿಟೊಕಾರ್ಮೈನ್‌ನಲ್ಲಿ ಒತ್ತಿ ನೋಡಿದಾಗ ಕಳ್ಳ ಸಿಕ್ಕಿದ. ಮೊದಲ ಗೊಂಚಲಿನ 4 ಮಿ.ಮೀ. ಮೊಗ್ಗಿನಲ್ಲಿ ಟೆಟ್ರಾಡ್, ಅಂದರೆ ಕೋಶ ವಿಭಜನೆ ಮುಗಿದು ನಾಲ್ಕು ಕೋಶಗಳ ಗುಂಪು, ಆಗಿತ್ತು. ನಾಲ್ಕನೇ ಗೊಂಚಲಿನ ಅದೇ ಉದ್ದದ ಮೊಗ್ಗು ಇನ್ನೂ ಆ ವಿಭಜನೆಯಾದ ಮಿಯಾಸಿಸ್‌ನಲ್ಲಿತ್ತು. ಉದ್ದ ನಂಬಿ ಒಂದು ವರ್ಷ ಹಾಳು.

ಅಂದಿನಿಂದ ಮೊಗ್ಗು ಬಿಡಿಸಿ ಒಂದು ಪರಾಗಕೋಶವನ್ನು ಸ್ಲೈಡಿಗೆ, ಉಳಿದ ನಾಲ್ಕನ್ನೋ ಐದನ್ನೋ ಆರ್‌ಎನ್‌ಎಗಾಗಿ ನೇರ ಲಿಕ್ವಿಡ್ ನೈಟ್ರೋಜನ್ನಿಗೆ ಹಾಕುತ್ತೇನೆ. ಟ್ಯೂಬಿಗೆ ಬರೀ ನಂಬರು. ಹಂತದ ಹೆಸರು ಸಂಜೆ ಸ್ಲೈಡ್ ನೋಡಿದ ಮೇಲೆ. ಕವರ್‌ಸ್ಲಿಪ್ ಮೇಲೆ ಪೆನ್ಸಿಲಿನ ಹಿಂಬದಿಯಿಂದ ಮೆಲ್ಲಗೆ ತಟ್ಟಬೇಕು. ಟೆಟ್ರಾಡ್ ಆಗಿದ್ದರೆ ಸುತ್ತಲಿನ ಕ್ಯಾಲೋಸ್ ಎಂಬ ಸಕ್ಕರೆ ಪದಾರ್ಥದ ಗೋಡೆ ಗಾಜಿನ ಗೋಲಿಯಂತೆ ಹೊಳೆಯುತ್ತದೆ, ಒಳಗೆ ನಾಲ್ಕು ಕೆಂಪು ಕಾಳು. ಜೋರಾಗಿ ತಟ್ಟಿದರೆ ಗೋಲಿ ಒಡೆದು ಬಿಡಿ ಮೈಕ್ರೋಸ್ಪೋರ್ (ಎಳೆಯ ಪರಾಗ) ಅಂತ ಮೋಸ ಹೋಗುತ್ತೀರಿ. ನಾನು ಹೋಗಿದ್ದೇನೆ.

"ಪಕ್ಕದ ಪರಾಗಕೋಶವೂ ಅದೇ ಹಂತದಲ್ಲಿದೆ ಅಂತ ಏನು ಗ್ಯಾರಂಟಿ?" ಎಂದು ಗೈಡ್ ಕೇಳಿದ್ದು ನ್ಯಾಯವೇ. ಇಪ್ಪತ್ತೆರಡು ಮೊಗ್ಗುಗಳ ಎಲ್ಲ ಪರಾಗಕೋಶಗಳನ್ನೂ ಒತ್ತಿ ನೋಡಿದೆ. ಹತ್ತೊಂಬತ್ತರಲ್ಲಿ ತಾಳೆಯಾಯಿತು. ತಪ್ಪಿದ ಮೂರೂ ಮಿಯಾಸಿಸ್ ನಡುವಿನವು, ಅವನ್ನು ಈಗ ಎಸೆಯುತ್ತೇನೆ. ಆರ್‌ಎನ್‌ಎ ಕಡಿಮೆಯೇ, ಆದರೆ ಸಾಲುತ್ತದೆ. ಮೊದಲ ಎರಡು ಕಿಟ್ ಪೂರ್ತಿ ನೀರುಪಾಲು, ಏಕೆಂದರೆ ಕಾಲಮ್‌ನಿಂದ ಇಳಿಸುವಾಗ ಧಾರಾಳವಾಗಿ ನೀರು ಸುರಿದಿದ್ದೆ. ಅಂಟಿಕೊಂಡಿರುವ ಪರಾಗಕೋಶಗಳ ಶಂಕುವನ್ನು ಜಜ್ಜದೆ ಬಿಡಿಸುವ ಕೈಚಳಕವೊಂದಿದೆ. ಪೇಪರ್ ಅಚ್ಚಾಗುವ ತನಕ ಅದು ನನ್ನ ಹತ್ತಿರವೇ ಇರಲಿ.

ಫಲ? ಗುಡ್ಡ ಒಡೆದು ಶಿಖರಗಳಾದವು. ಎಂಎಸ್10 ಮಿಯಾಸಿಸ್ ಹೊತ್ತಿಗೆ ಎದ್ದು ಟೆಟ್ರಾಡ್‌ಗೆ ಇಳಿಯಿತು, ಎಎಂಎಸ್ ಅದರ ಬೆನ್ನಿಗೆ, ಎಂಎಸ್1 ಮೈಕ್ರೋಸ್ಪೋರ್ ಬಿಡುಗಡೆಯ ಆಸುಪಾಸಿನಲ್ಲಿ. ಟಿಡಿಎಫ್1 ಮಾತ್ರ ಇನ್ನೂ ಸ್ವಲ್ಪ ಮಬ್ಬು.

ಎಂಎಸ್10 ಜೀನು ಕೆಟ್ಟು ಪರಾಗ ಬಿಡದ ಗಿಡಗಳಲ್ಲಿ ಈ ಉಪಾಯ ಕುಂಟುತ್ತದೆ. ಅಲ್ಲಿ ಮಿಯಾಸಿಸ್ಸೇ ಹಳಿ ತಪ್ಪುವುದರಿಂದ ಹಂತ ಹೇಳಲು ಗುರುತೇ ಇಲ್ಲ. ಪಕ್ಕದ ಆರೋಗ್ಯವಂತ ಗಿಡದ ಮೊಗ್ಗನ್ನು ಜೋಡಿಯಾಗಿಟ್ಟು ಅಂದಾಜು ಮಾಡುತ್ತೇನೆ. ಒಂದು ಸಮಾಧಾನ: ನೇರಳೆ ಬಣ್ಣದ ಆಂಥೋಸಯನಿನ್ ಇಲ್ಲದಂತೆ ಮಾಡುವ ಎಎ ಎಂಬ ಜೀನ್ ಗುರುತು ಕ್ರೋಮೋಸೋಮಿನಲ್ಲಿ ಎಂಎಸ್10ಗೆ ತೀರಾ ಹತ್ತಿರವಿದೆ. ನನ್ನ ತಳಿಯಲ್ಲಿ ಎರಡೂ ಒಟ್ಟಿಗೆ ಬರುವುದರಿಂದ, ನೇರಳೆ ಛಾಯೆಯಿಲ್ಲದ ಹಸಿರು ಕಾಂಡದ ಸಸಿಗಳನ್ನಷ್ಟೇ ಉಳಿಸಿದರೆ ಸಾಕು. ಇದು ಗೊತ್ತಾಗುವ ಮೊದಲು ಎಲ್ಲವನ್ನೂ ಹೂಬಿಡುವ ತನಕ ಸಾಕಿದ್ದೆ, ಮುಕ್ಕಾಲು ಪಾಲು ಫಲವತ್ತಾದವೇ. ಗ್ರೋತ್ ಚೇಂಬರಿನ ವಿದ್ಯುತ್ ಲೆಕ್ಕ ಕೇಳಬೇಡಿ.

ನಡುವೆ ಒಂದು ಹುಚ್ಚು: ಆರೋಗ್ಯದ ಗಿಡಗಳನ್ನು ಬಿಸಿ ಚೇಂಬರಿಗೆ ಹಾಕಿ, ಆಮೇಲೆ ಅರಳಿದ ಹೂವುಗಳ ಪರಾಗಕ್ಕೆ ಜೀವವಿರುವುದನ್ನು ಕೆಂಪಾಗಿ, ಸತ್ತದ್ದನ್ನು ಹಸಿರಾಗಿ ತೋರಿಸುವ ಅಲೆಕ್ಸಾಂಡರ್ ಬಣ್ಣ ಹಾಕಿದೆ. ಬಿಸಿ ತಗುಲಿದಾಗ ಅರಳಲು ಹತ್ತು ದಿನವಿದ್ದ ಮೊಗ್ಗುಗಳಲ್ಲಿ ಸ್ಲೈಡ್ ತುಂಬ ಹಸಿರು ಸಿಪ್ಪೆಗಳು, ಕೆಂಪು ಕಾಳು ಅಲ್ಲೊಂದು ಇಲ್ಲೊಂದು. ನಾಳೆ ಅರಳಬೇಕಿದ್ದವಕ್ಕೆ ಅಷ್ಟು ಪೆಟ್ಟು ಬಿದ್ದಿರಲಿಲ್ಲ. ಅದನ್ನು ಮುಂದುವರಿಸಬೇಕು, ಚೇಂಬರ್ ಖಾಲಿಯಾದಾಗ.

ಹಳೆಯ ಗುಂಪು ಟ್ಯೂಬುಗಳು ಇನ್ನೂ ಮೈನಸ್ 80ರ ಫ್ರೀಜರಿನ ತಳದಲ್ಲಿವೆ. ಎಸೆ ಅಂತ ಎಲ್ಲರೂ ಹೇಳುತ್ತಾರೆ, ಅವು ತಿಂದ ದುಡ್ಡು ನೆನೆದರೆ ಕೈ ಬರುವುದಿಲ್ಲ.