ಲಟ್ಟಣಿಗೆ ಉರುಳಿಸಿ ಕಲಿತ ಘರ್ಷಣೆ

ಹನುಮಂತನಗರದ ಮನೆಯಲ್ಲೇ ಪಿಯುಸಿ ಮಕ್ಕಳಿಗೆ ಫಿಸಿಕ್ಸ್ ಟ್ಯೂಷನ್ ಹೇಳುತ್ತೇನೆ. ನಮ್ಮ ಏರಿಯಾದಲ್ಲಿ ಇಳಿಜಾರಿಗೇನೂ ಬರವಿಲ್ಲ. ಒಂದು ದಿನ ಹುಡುಗಿಯೊಬ್ಬಳು, "ಸರ್, ರಸ್ತೆ ಒರಟಾಗಿದ್ರೆ ಉರುಳೋದು ನಿಧಾನ ಆಗುತ್ತೆ ಅಲ್ವಾ?" ಅಂದಳು. ಹೌದಮ್ಮ ಅಂದುಬಿಟ್ಟೆ. ರಾತ್ರಿ ಊಟಕ್ಕೆ ಕೂತಾಗ ಅನುಮಾನ ಶುರುವಾಯಿತು.

ಮರುದಿನ 120 ಸೆಂ.ಮೀ. ಉದ್ದದ ಪ್ಲೈವುಡ್ ಹಲಗೆಯ ಒಂದು ತುದಿಗೆ ಪುಸ್ತಕ ಇಟ್ಟು 10 ಸೆಂ.ಮೀ. ಎತ್ತರಿಸಿದೆ. ಅಡುಗೆಮನೆಯಿಂದ ಹಿಡಿ ಇಲ್ಲದ ಲಟ್ಟಣಿಗೆ ತಂದು ಮೇಲಿಂದ ಬಿಟ್ಟೆ, ಮೊಬೈಲಲ್ಲಿ ವಿಡಿಯೊ ಮಾಡಿ ಫ್ರೇಮ್ ಎಣಿಸಿದೆ. ಕೆಳಗೆ ಬರಲು ಸುಮಾರು 2.1 ಸೆಕೆಂಡ್. ಆಮೇಲೆ ಹಲಗೆ ಒರಟಾಗಲಿ ಅಂತ ಸಣ್ಣ ಕಣದ ಸ್ಯಾಂಡ್ ಪೇಪರ್ ಅಂಟಿಸಿ ಮತ್ತೆ ಬಿಟ್ಟೆ. ಒಂದೆರಡು ಫ್ರೇಮ್ ವ್ಯತ್ಯಾಸ, ಅಷ್ಟೇ!

ಕಾರಣ ಇಷ್ಟು. ಜಾರದೆ ಉರುಳುವಾಗ ಹಲಗೆಗೆ ತಾಗಿದ ಬಿಂದು ಆ ಕ್ಷಣಕ್ಕೆ ನಿಂತೇ ಇರುತ್ತದೆ, ಹಾಗಾಗಿ ಅಲ್ಲಿರುವುದು ಸ್ಥಿರ ಘರ್ಷಣೆ, ಅದು ತಿರುಗಿಸಲು ಎಷ್ಟು ಬೇಕೋ ಅಷ್ಟೇ ಹಿಡಿಯುತ್ತದೆ, ಹಲಗೆ ಒರಟಾಗಿ ಇನ್ನೂ ಜಾಸ್ತಿ ಹಿಡಿಯಬಲ್ಲದಾದರೂ ಸುಮ್ನೆ ಇರುತ್ತದೆ. ಲಟ್ಟಣಿಗೆಯಂಥ ಗಟ್ಟಿ ಉರುಳೆಗೆ ಬೇಕಾದದ್ದು ಇಳಿಜಾರಿನ ಎಳೆತದ ಮೂರನೇ ಒಂದು ಪಾಲು. ಟೊಳ್ಳಾದ ಪಿವಿಸಿ ಪೈಪಿಗೆ ಹೆಚ್ಚುಕಮ್ಮಿ ಅರ್ಧ. ತೂಕವೆಲ್ಲ ಅಂಚಿನಲ್ಲೇ ಇರುವುದರಿಂದ ಅದನ್ನು ತಿರುಗಿಸುವುದು ಕಷ್ಟ, ಹಾಗಾಗಿ ಪೈಪ್ ತಡವಾಗಿ ಬಂತು. ಎಲ್ಲರಿಗಿಂತ ಮೊದಲು ಬಂದದ್ದು ನೀರು ತುಂಬಿದ ಬಾಟಲಿ. ಒಳಗಿನ ನೀರು ಹೆಚ್ಚು ತಿರುಗುವುದೇ ಇಲ್ಲ, ಜಾರಿಕೊಂಡು ಬಂದ ಹಾಗೆ ಬಂದುಬಿಡುತ್ತದೆ. ಮಕ್ಕಳು ಇದನ್ನು ನಂಬದೆ ಐದು ಸಲ ಮಾಡಿಸಿದರು.

ಘರ್ಷಣೆ ಸಾಲದೆ ಹೋದರೆ? ಹಲಗೆಗೆ ಎಣ್ಣೆ ಸವರಿ ಒಂದು ತುದಿಯನ್ನು 60 ಸೆಂ.ಮೀ. ಎತ್ತಿದೆ. ಲಟ್ಟಣಿಗೆಗೆ ಮಾರ್ಕರಿನಲ್ಲಿ ಗೆರೆ ಎಳೆದಿದ್ದೆ. ದಪ್ಪ 4 ಸೆಂ.ಮೀ., ಹಾಗಾಗಿ ಜಾರದಿದ್ದರೆ ಒಂಬತ್ತೂವರೆ ಸುತ್ತು ಆಗಬೇಕು. ಐದೂ ಆಗಲಿಲ್ಲ, ಜಾರಿಕೊಂಡು ಬಂದು ನನ್ನ ಕಾಲ್ಬೆರಳಿಗೇ ಬಡಿಯಿತು. ಗಟ್ಟಿ ಉರುಳೆಗೆ ಲೆಕ್ಕ ಸುಲಭ: ಇಳಿಜಾರಿನ ಕೋನದ ಟ್ಯಾನ್ ಬೆಲೆ (ಎತ್ತರವನ್ನು ನೆಲದ ಮೇಲಿನ ಅಡ್ಡ ದೂರದಿಂದ ಭಾಗಿಸಿದ್ದು) ಘರ್ಷಣಾಂಕದ, ಅಂದರೆ ಎರಡು ಮೇಲ್ಮೈಗಳ ನಡುವಿನ ಹಿಡಿತದ ಅಳತೆಯ, ಮೂರು ಪಟ್ಟು ದಾಟಿದರೆ ಜಾರುತ್ತದೆ.

ನನಗೇ ಒಪ್ಪಿಗೆಯಾಗಲು ಹೊತ್ತು ಹಿಡಿದದ್ದು ಇನ್ನೊಂದು ವಿಷಯ. ಲಟ್ಟಣಿಗೆಯನ್ನು ಕೆಳಗಿನಿಂದ ಮೇಲಕ್ಕೆ ಉರುಳಿಸಿದರೂ ಚಿತ್ರದಲ್ಲಿ ಘರ್ಷಣೆಯ ದಿಕ್ಕು ತೋರಿಸುವ ಬಾಣ ಇಳಿಜಾರಿನ ಮೇಲ್ಮುಖವೇ! ಚಲನೆಗೆ ವಿರುದ್ಧ ಅಂತ ಕಣ್ಣುಮುಚ್ಚಿ ಬರೆದರೆ ತಪ್ಪಾಗುತ್ತದೆ. ಮೇಲೇರುವಾಗ ವೇಗದ ಜೊತೆ ಸುತ್ತುವಿಕೆಯೂ ಇಳಿಯಬೇಕು, ಗುರುತ್ವ ನಡುವಲ್ಲಿ ಎಳೆಯುವುದರಿಂದ ಸುತ್ತುವಿಕೆಯನ್ನು ಮುಟ್ಟಲಾರದು, ಆ ಕೆಲಸ ಘರ್ಷಣೆಯದೇ.

ಅಷ್ಟರಲ್ಲಿ ಒಳಗಿನಿಂದ "ರೀ, ಲಟ್ಟಣಿಗೆ ಎಲ್ರೀ?" ಅಂತ ಕೂಗು. ಮಾರ್ಕರ್ ಗೆರೆ ಎಷ್ಟು ಉಜ್ಜಿದರೂ ಹೋಗಲಿಲ್ಲ, ಹೊಸದೊಂದು ತಂದುಕೊಟ್ಟೆ.